ಲೈನಿಂಗ್ ಬಟ್ಟೆಯ ತಿಮಿಂಗಿಲ: ನನ್ನ ಅನುಭವ

ಹೊಲಿದ ಬಟ್ಟೆಯೊಳಗೆ ಗಾಳಿ ನಿಲ್ಲುವುದಿಲ್ಲ ಅಂತ ನನಗೆ ಬುದ್ಧಿ ಹೇಳಿದವರಲ್ಲಿ ವಿಜ್ಞಾನದ ಮೇಷ್ಟ್ರುಗಳೇ ಜಾಸ್ತಿ. ಈಗ ದಾವಣಗೆರೆ ಸುತ್ತಮುತ್ತ ಎಷ್ಟೋ ಶಾಲೆಗಳ ಮೈದಾನದಲ್ಲಿ, ಬಟ್ಟೆ ಹೊಲಿದು ಫ್ಯಾನಿನಿಂದ ಗಾಳಿ ತುಂಬಿದ, ನಿಜವಾದ ಅಳತೆಯ ನಮ್ಮ ನೀಲಿ ತಿಮಿಂಗಿಲ ಉಬ್ಬಿ ನಿಂತಿದೆ. ಒಂದು ಸಲಕ್ಕೆ ನಲವತ್ತು ಮಕ್ಕಳು ಅದರ ಹೊಟ್ಟೆಯೊಳಗೆ ಕೂತು ಪಾಠ ಕೇಳುತ್ತಾರೆ. ಮಕ್ಕಳನ್ನು ಒಳಗೆ ಕೂರಿಸಿ ಪಾಠ ಮಾಡುವ ಗಾಳಿ ತುಂಬಿದ ತಾರಾಲಯ, ಪ್ಲಾಸ್ಟಿಕ್ ಗುಮ್ಮಟಗಳನ್ನು ನಿಮ್ಮಲ್ಲಿ ಕೆಲವರು ಮಾಡಿರುತ್ತೀರಿ. ಹಾಗಾಗಿ ಮೂಲ ಪಾಠ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಉಪಾಯ ಪೂರ್ತಿ ನನ್ನದಲ್ಲ. 2004ರಲ್ಲಿ ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್ ಉಳಿಸುವ ಅಭಿಯಾನ ಶುರುವಾದಾಗ, ನಿಜವಾದ ಅಳತೆಯ ಗಾಳಿ ತುಂಬಿದ ಗೊಂಬೆಯನ್ನು ಊರೂರಿಗೆ ಒಯ್ದಿದ್ದರು. ಹೆರಿಗೆಗೆ ತವರಿಗೆ ಬಂದ ಮಗಳು ಇದು ಅಂತ ರಾಮಕಥೆ ಹೇಳುವ ಮೊರಾರಿ ಬಾಪು ಹೇಳಿದರು. ಮೊದಲು ಬೇಟೆಯಾಡುತ್ತಿದ್ದ ಮೀನುಗಾರರೇ ಆಮೇಲೆ ತಮ್ಮ ಬಲೆ ಕತ್ತರಿಸಿ ಅದನ್ನು ಬಿಡತೊಡಗಿದರು. ಅದು ಮೀನು, ತಿಮಿಂಗಿಲ ಅಲ್ಲ. ಆದರೆ ಕಣ್ಣೆದುರು ಅಷ್ಟು ದೊಡ್ಡದನ್ನು ನೋಡಿದ ಮೇಲೆ ಜನ ಬದಲಾಗುತ್ತಾರೆ ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಒಂದು ಕಚೇರಿಗೆ ಹಣ ಕೇಳಿ ಅರ್ಜಿ ಹಾಕಿದ್ದೆ. ಜಿಲ್ಲೆಗೆ ಸಮುದ್ರವೇ ಇಲ್ಲ, ಬೇರೆ ವಿಷಯ ಆರಿಸಿಕೊಳ್ಳಿ ಅಂತ ವಾಪಸ್ ಬಂತು. ಹರಿಹರದ ಹೊಳೆ ಎಲ್ಲಿಗೆ ಹೋಗುತ್ತೆ ಸ್ವಾಮಿ? ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳಕೊಲ್ಲಿಗೆ. ಚಿತ್ರದುರ್ಗದ ವೇದಾವತಿಯೂ ಕೊನೆಗೆ ತುಂಗಭದ್ರೆಗೇ ಸೇರುತ್ತೆ. ನಾವು ಹೊಳೆಗೆ ಎಸೆದ ಕವರ್ ನಮಗಿಂತ ಮೊದಲು ಸಮುದ್ರ ನೋಡುತ್ತೆ. ಆ ವಾಪಸ್ ಬಂದ ಅರ್ಜಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಮೊದಲನೇ ತಿಮಿಂಗಿಲ ಮಲ್ಚಿಂಗ್ ಶೀಟಿನದು, ಅಂದರೆ ಹೊಲದಲ್ಲಿ ಗಿಡದ ಬುಡದ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯದು. ಟೊಮೆಟೊ ಹಾಕುವವರ ಹತ್ತಿರ ಉಳಿದಿದ್ದು ಅಗ್ಗಕ್ಕೆ ಸಿಕ್ಕಿತು. ಒಂದು ಕಡೆ ಬೆಳ್ಳಿ, ಇನ್ನೊಂದು ಕಡೆ ಕಪ್ಪು. ಬಣ್ಣ ತಿಮಿಂಗಿಲಕ್ಕೆ ಹೇಳಿ ಮಾಡಿಸಿದಂತಿತ್ತು. ಅಗಲವಾದ ಟೇಪ್ ಅಂಟಿಸಿ ಜೋಡಿಸಿದೆವು. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ, ಬೆನ್ನಿನ ಉದ್ದಕ್ಕೂ ಬಾಯಿ ಬಿಟ್ಟಿತು. ಟೇಪಿಗೇ ಸಾವಿರ ರೂಪಾಯಿ ಮೇಲೆ ಹೋಗಿತ್ತು. ಎರಡನೇದು ದಪ್ಪ ಪಾಲಿಥೀನ್. ಹಾಳೆಗಳ ಅಂಚಿನ ಮೇಲೆ ಪೇಪರ್ ಇಟ್ಟು, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ ಬೆಸೆದೆವು. ಗುಮ್ಮಟಕ್ಕೆ ಅದು ಸರಿ. ಇಷ್ಟು ಉದ್ದದ ಬೆಸುಗೆಗೆ ಆಗಲ್ಲ. ಒಂದು ಕಡೆ ತೂತು, ಒಂದು ಕಡೆ ಅಂಟೇ ಇಲ್ಲ. ಮಡಚಿ ಇಟ್ಟು ಮುಂದಿನ ತಿಂಗಳು ತೆಗೆದರೆ ಮಡಿಕೆಯಲ್ಲೆಲ್ಲ ಸೀಳು. ಎರಡೂ ಸೇರಿ ಆರು ಸಾವಿರದ ಹತ್ತಿರ ನೀರಿಗೆ ಹೋಯಿತು. ಮನೆಯಲ್ಲಿ ಆಡಿಸಿಕೊಂಡಿದ್ದನ್ನು ಇಲ್ಲಿ ಬರೆಯಲ್ಲ.

ಆಗ ಹೊಳೆದಿದ್ದು ಬಟ್ಟೆ. ಜಾತ್ರೆಯಲ್ಲಿ ಮಕ್ಕಳು ಕುಣಿಯುವ ಗಾಳಿ ಕೋಟೆ ನೋಡಿ. ಹೊಲಿಗೆಯ ತೂತುಗಳಿಂದ ಗಾಳಿ ಸೋರುತ್ತಲೇ ಇರುತ್ತೆ, ಬ್ಲೋವರ್ ಸುಮ್ನೆ ತುಂಬುತ್ತಲೇ ಇರುತ್ತೆ. ಸೋರಿದ್ದಕ್ಕಿಂತ ಜಾಸ್ತಿ ಬಂದರೆ ಸಾಕು, ಅಷ್ಟೇ ಲೆಕ್ಕ. ನಮ್ಮದರ ಮೇಲೆ ಯಾರೂ ಕುಣಿಯಲ್ಲ, ಅದು ತನ್ನ ಮೈಯನ್ನಷ್ಟೇ ಎತ್ತಿಕೊಂಡರೆ ಆಯಿತು.

ಬಟ್ಟೆ ಅಂಗಡಿಯಲ್ಲಿ ಕೋಟಿನ ಒಳಗೆ ಹಾಕುವ ಪಾಲಿಯೆಸ್ಟರ್ ಲೈನಿಂಗ್ ಕೇಳಿ. ತುಟಿಗೆ ಒತ್ತಿ ಊದಿ ನೋಡಿ. ಉಸಿರು ಆಚೆ ಬಂದರೆ ಬೇಡ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ನಾನು ಮೀಟರಿಗೆ 28ರಂತೆ ತಂದೆ ಅಂತ ನೆನಪು. ಇನ್ನೂರು ಮೀಟರಿಗೆ ಸ್ವಲ್ಪ ಕಡಿಮೆ ಹಿಡಿಯಿತು. ಬಟ್ಟೆಗೆ ಒಂದು ಗಂಜಿ ಕೊಡುತ್ತೇನೆ. ಅಕ್ಕಿ ಗಂಜಿಯೇ, ಆದರೆ ಅದಕ್ಕೆ ಇನ್ನೊಂದು ಬೆರೆಯುತ್ತೆ. ಅದರಿಂದ ಸೋರಿಕೆ ಅರ್ಧಕ್ಕರ್ಧ ಇಳಿಯಿತು. ಬೆರಕೆ ಏನು ಅಂತ ಮಾತ್ರ ಕೇಳಬೇಡಿ.

ಅಳತೆಯಲ್ಲೂ ದುಡ್ಡು ಉಳಿಸಿದೆ. ನೀಲಿ ತಿಮಿಂಗಿಲ ಅಂದ ತಕ್ಷಣ ಎಲ್ಲರೂ 30 ಮೀಟರ್ ಅಂತಾರೆ. ಆ ಅಳತೆ ಅಂಟಾರ್ಕ್ಟಿಕದ ಕಡೆಯವುಗಳದ್ದು. ನಮ್ಮ ಹಿಂದೂ ಮಹಾಸಾಗರದಲ್ಲಿರುವುದು ಕುಳ್ಳ ಜಾತಿ, 24 ಮೀಟರ್ ಹತ್ತಿರಕ್ಕೆ ನಿಲ್ಲುತ್ತೆ. ನಮ್ಮ ಸಮುದ್ರದ್ದನ್ನೇ ಮಾಡಿದಂತಾಯಿತು, ಬಟ್ಟೆಯೂ ಉಳಿಯಿತು. ಕಬಡ್ಡಿ ಕೋರ್ಟ್ ಹಾಕುವ ಹಾಗೆ ಸುಣ್ಣದ ಪುಡಿಯಲ್ಲಿ ಮೈದಾನದ ಮೇಲೆ ಗೆರೆ ಎಳೆದು, ಅದರ ಮೇಲೆ ಬಟ್ಟೆ ಹಾಸಿ ಕತ್ತರಿಸಿದೆವು.

ಹೊಲಿಯೋಕೆ ಯಾರೂ ಒಪ್ಪಲಿಲ್ಲ. ಕೊನೆಗೆ ರವಿಕೆ ಹೊಲಿಯುವ ಒಬ್ಬರು ಅಕ್ಕ ಒಪ್ಪಿದರು. “ಏನ್ ಮೇಷ್ಟ್ರೇ, ಇದ್ಕೆ ತೋಳೆಲ್ಲಿ, ಕುತ್ಗೆ ಎಲ್ಲಿ?” ಅಂತ ಕೇಳಿದರು. ಕುತ್ತಿಗೆ ಇಲ್ಲ ಅಕ್ಕಾ, ತೋಳು ಮಾತ್ರ ಇದೆ ಅಂದೆ. ಎರಡೂವರೆ ಸಾವಿರ ತಗೊಂಡರು. ಒಂದು ಮಾತು ಅವರದ್ದೇ: ಹೊಲಿಗೆ ಎರಡು ಸಲ ಹಾಕಬೇಡಿ, ತೂತು ಜಾಸ್ತಿಯಾಗುತ್ತೆ, ಮಡಚಿ ಒಂದೇ ಸಲ ಹಾಕಿ. ಅದು ಸರಿ ಇತ್ತು. ಒಳಗೆ ಎಡದಿಂದ ಬಲಕ್ಕೆ ದಾರ ಕಟ್ಟದಿದ್ದರೆ ತಿಮಿಂಗಿಲ ಬರೀ ದುಂಡನೆಯ ಕೊಳವೆಯಾಗುತ್ತೆ. ದಾರದ ಉದ್ದ ಎಲ್ಲೆಲ್ಲಿ ಎಷ್ಟು ಅನ್ನೋದು ನನ್ನ ಡೈರಿಯಲ್ಲಿದೆ, ಬಂದರೆ ತೋರಿಸುತ್ತೇನೆ.

ಫ್ಯಾನ್ ವಿಚಾರ. ಒಂದು ಕೂಲರ್ ಫ್ಯಾನಿಗೆ ತಲೆ ಏಳುತ್ತೆ, ಬಾಲ ಏಳಲ್ಲ. ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆ ಐದಾರು ನಿಮಿಷದಲ್ಲಿ ನಿಂತಿತು. ಹಳೇ ಫ್ಯಾನ್, ಎರಡಕ್ಕೆ ನಾಲ್ಕು ಸಾವಿರ. ಕರೆಂಟ್ ಹೋದರೆ ಬಟ್ಟೆ ನಿಧಾನಕ್ಕೆ ಇಳಿಯುತ್ತೆ, ಮಕ್ಕಳು ಹೊರಗೆ ಬರೋಕೆ ಟೈಮ್ ಇರುತ್ತೆ. ಆದರೂ ಬಾಗಿಲ ಹತ್ತಿರ ಒಬ್ಬರು ದೊಡ್ಡವರು ನಿಲ್ಲಲೇಬೇಕು. ಜಿಪ್ ದುಬಾರಿ. ಒಂದರ ಮೇಲೊಂದು ಬರುವ ಎರಡು ಪರದೆ ಸಾಕು.

ಆಷಾಢದಲ್ಲಿ ಚಿತ್ರದುರ್ಗದ ಕಡೆ ಒಯ್ಯಬೇಡಿ. ಗಾಳಿಯಂತ್ರಗಳನ್ನು ಅಲ್ಲಿನ ಗುಡ್ಡದ ಮೇಲೆ ಸುಮ್ಮನೆ ನಿಲ್ಲಿಸಿಲ್ಲ. ಮಕ್ಕಳು ಒಳಗೆ ಹೋಗುವ ಮುಂಚೆಯೇ ಒಂದು ಗಾಳಿ ಬಂತು. ತಿಮಿಂಗಿಲ ತನಗೆ ಕಟ್ಟಿದ ಮರಳು ಚೀಲಗಳನ್ನೂ ಎಳೆದುಕೊಂಡು ಹೋಗಿ ಜಾಲಿ ಗಿಡದ ಮೇಲೆ ಕೂತಿತು. ಬಾಲದ ಹತ್ತಿರ ಒಂದು ಮಾರು ಹರಿಯಿತು. ರಿಪೇರಿಗೆ ಎಂಟು ನೂರು. ಈಗ ಬೆಳಿಗ್ಗೆ ಏಳರಿಂದ ಹತ್ತರ ಒಳಗೆ ಮುಗಿಸುತ್ತೇನೆ.

ಫ್ಯಾನಿನ ಸದ್ದು ವಿಪರೀತ ಅಂತ ಎಲ್ಲರೂ ದೂರುತ್ತಿದ್ದರು. ನನಗೆ ಅದೇ ಒಳ್ಳೆ ಪಾಠವಾಯಿತು. ತಲೆಯ ಕಡೆ ಕೂತ ಹುಡುಗಿ ಬಾಲದ ಕಡೆಯ ಹುಡುಗನ ಹೆಸರು ಕರೆಯಬೇಕು. ಒಂದು ಫ್ಯಾನ್ ಆರಿಸಿದರೆ ಕೇಳುತ್ತೆ, ಎರಡೂ ಓಡಿದರೆ ಕೇಳಲ್ಲ. ನೀಲಿ ತಿಮಿಂಗಿಲದ ಕೂಗು ತೀರಾ ತಗ್ಗಿದ ಸ್ವರದ್ದು, ನಮ್ಮ ಕಿವಿಗೆ ಸರಿಯಾಗಿ ಸಿಗದಷ್ಟು. ದೊಡ್ಡ ಹಡಗಿನ ಸದ್ದೂ ಅದೇ ಸ್ವರದ್ದು, ಹಾಗಾಗಿ ನಮ್ಮ ಫ್ಯಾನಿನ ಹಾಗೆ ಅದು ಕೂಗನ್ನು ಮುಚ್ಚಿಹಾಕುತ್ತೆ. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಲೆ ನಡೆದ ದಾಳಿಯ ನಂತರ ಹಡಗು ಓಡಾಟ ಕಡಿಮೆಯಾದಾಗ, ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರಿನ ಸದ್ದು ಇಳಿಯಿತು. ಅಲ್ಲಿನ ರೈಟ್ ಎಂಬ ಜಾತಿಯ ತಿಮಿಂಗಿಲಗಳ ಸಗಣಿಯಲ್ಲಿ ಒತ್ತಡದ ಹಾರ್ಮೋನೂ ಇಳಿದಿದ್ದು ಕಂಡುಬಂತು. ಇದನ್ನು ಹೇಳಿದರೆ ಮಕ್ಕಳು ಮೊದಲು ಸಗಣಿಗೆ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಗಣಪತಿ ಹಬ್ಬದ ಡಿಜೆ ಬಾಕ್ಸ್ ತಂದು ನಿಜವಾದ ಕೂಗು ಹಾಕಿಯೂ ನೋಡಿದೆ. ಬಟ್ಟೆ ನಡುಗಿತು, ಕೇಳಿಸಿದ್ದು ಏನೂ ಇಲ್ಲ. ವೇಗ ಹತ್ತುಪಟ್ಟು ಮಾಡಿದ ಮೇಲೆ ಹಕ್ಕಿ ಕೂಗಿದ ಹಾಗಾಯಿತು. ಬಾಡಿಗೆ ದಂಡ.

ಮಂಡಕ್ಕಿ ಪ್ರಯೋಗದ ಬಗ್ಗೆ ಹೇಳಲೇಬೇಕು. ಮಕ್ಕಳಿಂದ ಸಾವಿರ ಮಂಡಕ್ಕಿ ಎಣಿಸಿ ತೂಗಿಸಿದೆ, 20 ಗ್ರಾಂ ಆಸುಪಾಸು ಬಂತು. ಇಪ್ಪತ್ತನೇ ಶತಮಾನದಲ್ಲಿ ದಕ್ಷಿಣದ ಸಮುದ್ರಗಳಲ್ಲಿ ಕೊಂದ ನೀಲಿ ತಿಮಿಂಗಿಲ ಮೂರು ಲಕ್ಷಕ್ಕೂ ಜಾಸ್ತಿ. ಒಂದು ತಿಮಿಂಗಿಲಕ್ಕೆ ಒಂದು ಮಂಡಕ್ಕಿ ಅಂತಿಟ್ಟರೆ ಆರು ಕೆಜಿ ಮಂಡಕ್ಕಿ. ದೊಡ್ಡ ಚೀಲವನ್ನೇ ತಂದು ಸುರಿದೆವು. 1970ರ ದಶಕದ ಹೊತ್ತಿಗೆ ಅಂಟಾರ್ಕ್ಟಿಕದಲ್ಲಿ ಉಳಿದಿದ್ದು ಕೆಲವು ನೂರು. ಒಂದು ಹುಡುಗಿಯ ಅಂಗೈ ಮೇಲೆ ಅಷ್ಟನ್ನು ಇಟ್ಟೆ. 1966ರಲ್ಲಿ ನೀಲಿ ತಿಮಿಂಗಿಲದ ಬೇಟೆ ನಿಷೇಧಿಸಿದರು, 1986ರಿಂದ ವ್ಯಾಪಾರಕ್ಕಾಗಿ ಯಾವ ದೊಡ್ಡ ತಿಮಿಂಗಿಲವನ್ನೂ ಕೊಲ್ಲಬಾರದು ಅಂತಾಯಿತು. ಕೆಲವು ದೇಶ ಅದನ್ನು ಪಾಲಿಸಲಿಲ್ಲ. ನಮ್ಮ ಹಿಂದೂ ಮಹಾಸಾಗರವನ್ನು 1979ರಲ್ಲೇ ತಿಮಿಂಗಿಲಗಳ ರಕ್ಷಿತ ತಾಣ ಅಂತ ಘೋಷಿಸಿದ್ದರು. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಆರು ಕೆಜಿಯೂ ಖಾಲಿ. ಮುಂದಿನ ಶಾಲೆಯಿಂದ ಒಗ್ಗರಣೆ, ಈರುಳ್ಳಿ ಸಮೇತ ಬರಬೇಕು ಅಂತ ಹೆಡ್‌ಮೇಷ್ಟ್ರು ಹೇಳಿದರು.

ದೊಡ್ಡವರು ಬಂದರೆ ಕೇಳೋದು ಒಂದೇ. ತಿಮಿಂಗಿಲದ ವಾಂತಿಗೆ ಕೋಟಿ ಬೆಲೆಯಂತೆ, ಹೌದಾ? ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ನಾನೇ ಅದರಿಂದ ಶುರು ಮಾಡುತ್ತೇನೆ. ಆ ವಾಂತಿ ಅನ್ನೋದು, ಅಂದರೆ ಅಂಬರ್‌ಗ್ರಿಸ್, ಈ ತಿಮಿಂಗಿಲದ್ದಲ್ಲ, ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಆಗೋದು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಇರುವ ಪ್ರಾಣಿ ಅದು. ಕೊಂಡರೂ ಅಪರಾಧ, ಮಾರಿದರೂ ಅಪರಾಧ. ಪೇಪರಿನಲ್ಲಿ ಸಿಕ್ಕಿಬಿದ್ದವರ ಸುದ್ದಿ ಓದಿರುತ್ತೀರಲ್ವಾ. ಇಷ್ಟು ಹೇಳಿದರೆ ಒಬ್ಬಿಬ್ಬರು ಮೆಲ್ಲಗೆ ಹಿಂದೆ ಸರಿಯುತ್ತಾರೆ.

ಹಡಗು ದಾರಿಯ ಆಟಕ್ಕೆ ಖರ್ಚಿಲ್ಲ. ಸುಣ್ಣದಲ್ಲಿ ಶ್ರೀಲಂಕಾದ ದಕ್ಷಿಣ ತುದಿ ಬರೆದು, ಐದಾರು ಮಕ್ಕಳನ್ನು ತಿಮಿಂಗಿಲ ಮಾಡಿ, ಸೈಕಲ್ ತಳ್ಳುವವರನ್ನು ಹಡಗು ಮಾಡಿ. ನಿಜಕ್ಕೂ ಅಲ್ಲಿ ನೀಲಿ ತಿಮಿಂಗಿಲ ಮೇಯುವ ಜಾಗದ ಮೇಲೇ ಹಡಗುಗಳ ದಾರಿ ಇದೆ, ಡಿಕ್ಕಿಯಾಗಿ ಸಾಯುತ್ತವೆ. ಸೈಕಲ್ ದಾರಿಯನ್ನು ನಾಲ್ಕು ಹೆಜ್ಜೆ ದಕ್ಷಿಣಕ್ಕೆ ಸರಿಸಿ ಅಂದರೆ ಡಿಕ್ಕಿಯೇ ಆಗಲ್ಲ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ಹೀಗೇ ತನ್ನ ದಾರಿ ಸರಿಸಿತು. ಏಳನೇ ಕ್ಲಾಸಿನವನೊಬ್ಬ ಕೇಳಿದ: “ಉಳ್ದ ಕಂಪ್ನಿಯವ್ರಿಗೆ ಏನ್ ಕಷ್ಟ ಸಾರ್?” ಎಣ್ಣೆ ಖರ್ಚು ಸ್ವಲ್ಪ ಜಾಸ್ತಿ ಅಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ.

ಒಟ್ಟು ಖರ್ಚು, ಹಾಳಾಗಿದ್ದೂ ಸೇರಿ, ಇಪ್ಪತ್ತು ಸಾವಿರದ ಒಳಗೆ. ಮೂರು ಸಾವಿರ ಅಕ್ಕಿ ಗಿರಣಿಯವರೊಬ್ಬರು ಕೊಟ್ಟರು, ಉಳಿದಿದ್ದು ನನ್ನ ಜೇಬು. ಸರ್ಕಾರಿ ಶಾಲೆಗೆ ಬಾಡಿಗೆ ಇಲ್ಲ, ಲಗೇಜ್ ಆಟೋ ಖರ್ಚು ಕೊಟ್ಟರೆ ಸಾಕು. ಖಾಸಗಿಯವರು ರಿಪೇರಿ ಡಬ್ಬಿಗೆ ಐನೂರು ಹಾಕಬೇಕು. ಗಾಳಿ ನಿಲ್ಲಲ್ಲ ಅಂದ ಮೇಷ್ಟ್ರೊಬ್ಬರು ಈಗ ಡಿಸೆಂಬರ್‌ಗೆ ಬುಕ್ ಮಾಡಿದ್ದಾರೆ. ಅವರಿಂದ ಮಾತ್ರ ಸಾವಿರ.

ಈಗ ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್ ಎಂಬ ಇನ್ನೊಂದು ಜಾತಿಯ ತಿಮಿಂಗಿಲ ಹೊಲಿಸುತ್ತಿದ್ದೇನೆ. ಬೇರೆ ಕಡೆಯ ಹಂಪ್‌ಬ್ಯಾಕ್‌ಗಳ ಹಾಗೆ ಅದು ಧ್ರುವದ ಕಡೆ ವಲಸೆ ಹೋಗಲ್ಲ, ವರ್ಷಪೂರ್ತಿ ಇಲ್ಲೇ ಇರುತ್ತೆ. ಒಮಾನ್ ಕಡೆ ಲೆಕ್ಕ ಸಿಕ್ಕಿದ್ದು ನೂರಕ್ಕಿಂತ ಕಡಿಮೆ. ಬಟ್ಟೆ ಅರ್ಧದಷ್ಟೂ ಬೇಡ. ತೊಂದರೆ ಒಂದೇ, ಈಜು ರೆಕ್ಕೆ. ಮೈಯ ಮೂರನೇ ಒಂದು ಭಾಗದಷ್ಟು ಉದ್ದ ಇರುತ್ತೆ, ಎಷ್ಟು ಗಾಳಿ ಬಿಟ್ಟರೂ ಜೋತು ಬೀಳುತ್ತಿದೆ. ಬಿದಿರು ಹಾಕಿದೆ, ಬಟ್ಟೆ ಚುಚ್ಚಿತು. ಉದ್ದದ ರೆಕ್ಕೆ ನಿಲ್ಲಿಸಿದವರು ಯಾರಾದರೂ ಇದ್ದರೆ ತಿಳಿಸಿ. ಬದಲಿಗೆ ಗಂಜಿಯ ಗುಟ್ಟು ಹೇಳುತ್ತೇನೆ.