ಪಟ್ಟಿಯಲ್ಲಿರುವ ‘ಕೋಲಾರ’ ಹುಡುಕಿದರೆ ಸಿಗದಿದ್ದಾಗ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಕೋಷ್ಟಕದಲ್ಲಿ ‘ಕೋಲಾರ’ ಕಣ್ಣೆದುರಿಗೇ ಇದ್ದರೂ ಹುಡುಕಾಟಕ್ಕೆ ಸಿಗದಿದ್ದರೆ, ಇಂಡೆಕ್ಸನ್ನು (ಹುಡುಕಾಟವನ್ನು ಚುರುಕುಗೊಳಿಸುವ ಸೂಚಿಯನ್ನು) ಶಂಕಿಸುವ ಮೊದಲು ಕೋಷ್ಟಕದಲ್ಲಿರುವ ಪದ, ಹುಡುಕಲು ಟೈಪಿಸಿದ ಪದ ಎರಡರ ಉದ್ದವನ್ನೂ ಅಳೆದು ನೋಡುವುದು ಒಳ್ಳೆಯದು. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದಾದ್ದರಿಂದ, ತೆರೆಯ ಮೇಲೆ ಒಂದೇ ತೆರನಾಗಿ ಕಾಣುವ ಈ ಪದದ ಉದ್ದ ಒಂದೆಡೆ 5 ಎಂದೂ ಇನ್ನೊಂದೆಡೆ 7 ಎಂದೂ ಬರಬಹುದು, ಸಾಮಾನ್ಯ ಕೊಲೇಶನ್‌ನಲ್ಲಿ (ಪಠ್ಯವನ್ನು ಹೋಲಿಸುವ, ವಿಂಗಡಿಸುವ ನಿಯಮಗಳಲ್ಲಿ) ಇವೆರಡೂ ಸಮವಲ್ಲ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಲಭ್ಯವಿರುವ ನಾರ್ಮಲೈಸ್ ಫಂಕ್ಷನ್ ಬಳಸಿ ಹಳೆಯ ದತ್ತಾಂಶವನ್ನೂ ಬಳಕೆದಾರರು ಟೈಪಿಸುವ ಪದವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಕೂಡಿಸಿ ಬರೆಯುವ ರೂಪಕ್ಕೆ, ತನ್ನಿ. (ಒಂದನ್ನು ಮಾತ್ರ ಸರಿಪಡಿಸಿ ನಾನು ಅರ್ಧ ದಿನ ಕಳೆದಿದ್ದೇನೆ.) ಲಿನಕ್ಸ್ ಸರ್ವರನ್ನು ಅಪ್‌ಗ್ರೇಡ್ ಮಾಡಿದ ಮೇಲೆ ತೊಂದರೆ ಶುರುವಾಗಿದ್ದರೆ ಕಾರಣ ಬೇರೆಯಿರಬಹುದು: 2018ರಲ್ಲಿ ಬಂದ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) 2.28 ವಿಂಗಡಣೆಯ ನಿಯಮಗಳನ್ನೇ ಬದಲಿಸಿದ್ದರಿಂದ, ಹಳೆಯ ಕ್ರಮದಲ್ಲಿ ಕಟ್ಟಿದ ಪಠ್ಯದ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಿ ಹೊಸದಾಗಿ ಕಟ್ಟಬೇಕಾಗುತ್ತದೆ.