ಅಟ್ಟದಲ್ಲಿ ಸೌತೆಕಾಯಿ ತೂಗಬೇಕಾದರೆ

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಎಷ್ಟೋ ಮನೆಗಳಲ್ಲಿ ಬಾವಿಯ ತಳ ಕಾಣುತ್ತದೆ. ಮುರಕಲ್ಲಿನ ಗುಡ್ಡ, ಬಿದ್ದ ನೀರು ನಿಲ್ಲುವುದಿಲ್ಲ. ಅದಕ್ಕೇ ಹಿಂದಿನವರು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದದ್ದು, ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ (ನೀರು ನಿಲ್ಲಿಸುವ ಒಡ್ಡು) ಹಾಕಿದ್ದು. ಹಾಗಾಗಿ ಬೇಸಿಗೆ ತರಕಾರಿಯ ಬೀಜ ಹಾಕುವ ಮೊದಲೇ ಯೋಚಿಸಿ, ಮೇ ಕೊನೆಯವರೆಗೆ ಎಷ್ಟು ಸಾಲಿಗೆ ನೀರು ಕೊಡಬಹುದು? ಅಷ್ಟೇ ಸಾಲು ಸಾಕು. ಹತ್ತು ಬಗೆ ಹಾಕಿ ಎಲ್ಲವನ್ನೂ ಅರ್ಧ ಒಣಗಿಸುವುದಕ್ಕಿಂತ ನಾಲ್ಕು ಬಗೆ ಚೆನ್ನಾಗಿ ಬೆಳೆಸಿ.

ಆ ನಾಲ್ಕರಲ್ಲಿ ಮೊದಲನೆಯದು ಸಾಂಬಾರು ಸೌತೆ. ಬೇಸಿಗೆಯ ನೀರು ಯಾವುದಕ್ಕಾದರೂ ಸಾರ್ಥಕ ಎಂದರೆ ಇದಕ್ಕೇ ಎಂದು ನನ್ನ ಗಟ್ಟಿ ನಂಬಿಕೆ. ಬೆಂಡೆ, ಅಳಸಂಡೆ ಕೊಯ್ದ ವಾರದೊಳಗೆ ತಿನ್ನಬೇಕು. ಸೌತೆ ಹಾಗಲ್ಲ, ಜಡಿಮಳೆಯಲ್ಲಿ ತರಕಾರಿ ಸಿಗದ ಆಟಿ ತಿಂಗಳಿಗೂ ಒದಗುತ್ತದೆ. ಕೊಯ್ಲು ಆದ ಗದ್ದೆಯಲ್ಲೋ ತೋಟದ ಬಿಸಿಲಿರುವ ಮೂಲೆಯಲ್ಲೋ ಡಿಸೆಂಬರ್, ಜನವರಿಯಲ್ಲಿ ಬೀಜ ಹಾಕಿ. ಗುಳಿಗೆ ಸುಡುಮಣ್ಣು, ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ ಸೇರಿಸಿ. ಎಲೆ ತಿನ್ನುವ ಕೆಂಪು ದುಂಬಿ ಬಂದರೆ ಬೆಳಗ್ಗೆ ಮಂಜು ಆರುವ ಮೊದಲೇ ಒಲೆಬೂದಿ ಉದುರಿಸಿ. ಒದ್ದೆ ಎಲೆಗೆ ಬೂದಿ ಅಂಟಿಕೊಳ್ಳುತ್ತದೆ, ಬಿಸಿಲೇರಿದ ಮೇಲೆ ಹಾಕಿದರೆ ಸುಮ್ನೆ ಗಾಳಿಗೆ ಹೋಗುತ್ತದೆ. ಹಣ್ಣುನೊಣ ಕುಟ್ಟಿ ಕೊಳೆತ ಎಳೆಕಾಯಿಗಳನ್ನು ಅಲ್ಲೇ ಬಿಡಬೇಡಿ. ಅದರೊಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಹೆಕ್ಕಿ ಸಾಬೂನು ನೀರಿನ ಬಾಲ್ದಿಗೆ ಹಾಕಿ.

ಇಡುವ ಕಾಯಿ ಬಳ್ಳಿಯಲ್ಲೇ ಪೂರ್ತಿ ಬೆಳೆಯಬೇಕು. ಬಣ್ಣ ತಿರುಗಿ ಸಿಪ್ಪೆ ಗಟ್ಟಿಯಾದ ಮೇಲೆ, ತೊಟ್ಟು ಸಮೇತ ಕತ್ತಿಯಲ್ಲಿ ಕೊಯ್ಯಿರಿ. ಎಳೆದು ಕೀಳಬಾರದು, ಬುಟ್ಟಿಗೆ ಎತ್ತಿ ಹಾಕಬಾರದು. ಎಲ್ಲಿ ಪೆಟ್ಟು ಬಿತ್ತೋ ಅಲ್ಲಿಂದಲೇ ಕೊಳೆಯಲು ಶುರು. ತೊಳೆಯಲೂ ಬೇಡಿ, ಮಣ್ಣನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಆಮೇಲೆ ಬಾಳೆನಾರಿನಲ್ಲಿ ಒಂದಕ್ಕೊಂದು ತಾಗದ ಹಾಗೆ ಕಟ್ಟಿ ಅಟ್ಟದ ಪಕ್ಕಾಸಿಗೆ (ಮಾಡಿನ ಮರಕ್ಕೆ) ತೂಗಹಾಕಿ. ಅಡುಗೆಮನೆಯ ಹೊಗೆ ತಾಗುವ ಜಾಗ ಸಿಕ್ಕಿದರೆ ಇನ್ನೂ ಒಳ್ಳೆಯದು. ಕಾಂಕ್ರೀಟು ಮನೆಯವರು ಗಾಳಿಯಾಡುವ ಕೋಣೆಯಲ್ಲಿ ಸರಿಗೆ (ತಂತಿ) ಎಳೆದು ಕಟ್ಟಬಹುದು. ವಾರಕ್ಕೊಮ್ಮೆ ಕೈಯಾಡಿಸಿ ನೋಡಿ. ಮೆತ್ತಗಾದದ್ದು ಕಂಡರೆ ಆ ದಿನದ ಸಾಂಬಾರು ಅದರದ್ದೇ.

ಇನ್ನು ನೀರು. ಬೆಳಗ್ಗೆ ಬೇಗ, ಇಲ್ಲವೇ ಸಂಜೆ, ಬುಡಕ್ಕೆ ಮಾತ್ರ ಹಾಕಿ. ಬುಡವನ್ನು ಬರಿದಾಗಿ ಬಿಡಬೇಡಿ. 1916ರಲ್ಲಿ ಶುರುವಾದ ನಮ್ಮ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರದವರು ತೆಂಗಿನ ಬುಡಕ್ಕೆ ಸಿಪ್ಪೆ ಹೊದಿಸಲು ಹೇಳುತ್ತಾರಲ್ವಾ, ಅದು ತರಕಾರಿಗೂ ಆಗುತ್ತದೆ. ಸಿಪ್ಪೆಯ ಬೆನ್ನು ಮೇಲೆ ಬರುವಂತೆ ಗಿಡದ ಸುತ್ತ ಜೋಡಿಸಿ, ಮೇಲೆ ತರಗೆಲೆ ಹರಡಿ. ಮಧ್ಯಾಹ್ನ ಎತ್ತಿ ನೋಡಿ, ಅಡಿಯ ಮಣ್ಣು ತಂಪಾಗಿರುತ್ತದೆ. ಪಾತ್ರೆ ತೊಳೆದ ನೀರು ಬಾಳೆಗೆ ಹೋಗಲಿ. ಅಕ್ಕಿ ತೊಳೆದ ನೀರು ಬಸಳೆಗೆ. ಬಸಳೆಗೆ ಒಂದು ಚಪ್ಪರ ಹಾಕಿ, ಆಗಾಗ ಸಗಣಿ ನೀರು ಕೊಟ್ಟರೆ ಬೇಸಿಗೆಯಿಡೀ ಪದಾರ್ಥಕ್ಕೆ ಚಿಂತೆ ಇಲ್ಲ. ಹರಿವೆಯನ್ನು ಒಟ್ಟಿಗೆ ಬಿತ್ತದೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ.

ಬಿಸಿಲು ಇರುವಾಗಲೇ ಹಪ್ಪಳ, ಸಾಂತಾಣಿ (ಉಪ್ಪು ಹಾಕಿ ಬೇಯಿಸಿದ ಹಲಸಿನ ಬೀಜ), ಪುನರ್ಪುಳಿ (ಕೋಕಂ) ಸಿಪ್ಪೆ ಒಣಗಿಸಿ ಮುಗಿಸಿ. ಬೇಸಿಗೆ ಮಳೆ ಹೇಳಿ ಬರುವುದಿಲ್ಲ. ಹಪ್ಪಳಕ್ಕೆ ಬೆಳೆದ, ಆದರೆ ಹಣ್ಣಾಗದ ಹಲಸೇ ಬೇಕು. ಒಂದು ಭರಣಿ ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಮಾತ್ರ ತಪ್ಪಿಸಬೇಡಿ. ಬೆಳೆದ ಸೊಳೆಗೆ ಕಲ್ಲುಪ್ಪು ಬೆರೆಸಿ, ಒತ್ತಿ ತುಂಬಿ, ಮೇಲೆ ಭಾರ ಇಡಿ. ಅದು ಬಿಟ್ಟ ನೀರಿನಲ್ಲೇ ಸೊಳೆ ಮುಳುಗಿರಬೇಕು. ಕೈ, ಸೌಟು ಎರಡೂ ಒಣಗಿರಬೇಕು. ಮಳೆಗಾಲದಲ್ಲಿ ತೆಗೆದು, ನೀರಲ್ಲಿ ಹಾಕಿ ಉಪ್ಪು ಬಿಡಿಸಿದರೆ ರೊಟ್ಟಿಗೂ ಆಯಿತು, ಎಣ್ಣೆಯಲ್ಲಿ ಕರಿಯುವ ಸಣ್ಣ ಉಂಡೆಯ ಉಂಡ್ಲಕಾಳಿಗೂ ಆಯಿತು.

ಬೀಜಕ್ಕೆಂದು ಸಾಲಿನ ಚಂದದ ಸೌತೆಕಾಯಿಯನ್ನೇ ಬಿಡಿ. ಉಳಿದದ್ದನ್ನು ಬೀಜಕ್ಕೆ ಇಡುವ ಅಭ್ಯಾಸ ಒಳ್ಳೆಯದಲ್ಲ, ಮುಂದಿನ ವರ್ಷದ ಬಳ್ಳಿಯೂ ಹಾಗೇ ಬಡಕಲಾಗುತ್ತದೆ. ಬೀಜ ತೊಳೆದು, ಒಲೆಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ ಕಟ್ಟಿಡಿ. ಬೆಂಡೆಯ ಬೀಜ ಕೋಡಿನಲ್ಲೇ ಇರಲಿ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮಳೆಗಾಲದ ಬೆಂಡೆ ಹಾಕುವಾಗ ಬಿಡಿಸಿದರೆ ಸಾಕು.