ಅಡುಗೆಮನೆ ಸಿಪ್ಪೆ ಗೊಬ್ಬರವಾಗಲಿ, ತಾರಸಿಯಲ್ಲಿ ಸೊಪ್ಪು ಬೆಳೆಯಲಿ

ಹೊಲಕ್ಕೆ ಚೆಲ್ಲಿದ ಯೂರಿಯಾದ ಸಾರಜನಕದಲ್ಲಿ ಬೆಳೆಗೆ ದಕ್ಕುವುದು ಹೆಚ್ಚೂಕಡಿಮೆ ಅರ್ಧ. ಉಳಿದದ್ದರಲ್ಲಿ ಒಂದಿಷ್ಟು ಅಂತರ್ಜಲಕ್ಕೆ ಇಳಿದರೆ, ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಇದರ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು. ಇತ್ತ ಬೆಂಗಳೂರಿನ ನಾವು, ಅದೇ ಹೊಲದಿಂದ ಬಂದ ತರಕಾರಿಯ ಸಿಪ್ಪೆಯನ್ನು ಊರಾಚೆಗೆ ಸಾಗಹಾಕುತ್ತೇವೆ. ಕಸದ ಗುಡ್ಡೆಯೊಳಗೆ ಗಾಳಿಯಾಡದೆ ಕೊಳೆತು ಅದು ಮೀಥೇನ್ ಎಂಬ, ಭೂಮಿಯನ್ನು ಬಿಸಿ ಮಾಡುವ ಇನ್ನೊಂದು ಅನಿಲವನ್ನು ಉಗುಳುತ್ತದೆ. ಮಂಡೂರು, ಮಾವಳ್ಳಿಪುರದ ಜನ ನಮ್ಮ ಕಸದ ನಾತವನ್ನು ವರ್ಷಗಟ್ಟಲೆ ಉಂಡಿದ್ದಾರೆ. ಈ ಎರಡೂ ಹಾನಿಯನ್ನು ತುಸುವಾದರೂ ತಗ್ಗಿಸುವ ಕೆಲಸ ನಮ್ಮ ತಾರಸಿಯಲ್ಲೇ ಆಗುತ್ತದೆ.

ಮೊದಲು ಗೊಬ್ಬರ. ಹಳೆಯ 20 ಲೀಟರ್ ಪೇಂಟ್ ಡಬ್ಬಿಯನ್ನು ಚೆನ್ನಾಗಿ ತೊಳೆದು ತಳಕ್ಕೂ ಸುತ್ತಲೂ ತೂತು ಕೊರೆಯಿರಿ. ತಳದಲ್ಲಿ ಮೂರು ಇಂಚು ತೆಂಗಿನ ನಾರು ಹರಡಿ. ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಅದರ ಎರಡರಷ್ಟು ತರಗೆಲೆಯಿಂದ ಮುಚ್ಚಿ. ಹೊಂಗೆ ಎಲೆ ಉದುರುವ ಕಾಲದಲ್ಲಿ ನಮ್ಮ ಬೀದಿಗಳಲ್ಲಿ ತರಗೆಲೆಗೆ ಬೆಂಕಿ ಇಡುವುದನ್ನು ಕಂಡರೆ ಸಂಕಟವಾಗುತ್ತದೆ. ಒಂದೆರಡು ಚೀಲ ತುಂಬಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಶುರುವಿಗೆ ಸ್ವಲ್ಪ ಹುಳಿ ಮಜ್ಜಿಗೆ ಇಲ್ಲವೇ ಒಂದು ಹಿಡಿ ಸಗಣಿ ಸಾಕು.

ವಾರಕ್ಕೊಮ್ಮೆ ತಳದವರೆಗೆ ಕೆದಕಿ ತಿರುವಿ. ಇದನ್ನು ಮಾತ್ರ ತಪ್ಪಿಸಬೇಡಿ, ಗಾಳಿ ಸಿಗದಿದ್ದರೆ ಡಬ್ಬಿಯಲ್ಲೂ ಮೀಥೇನ್ ಹುಟ್ಟುತ್ತದೆ. ಒಂದು ಹಿಡಿ ಎತ್ತಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನಾತ ಬಂದರೆ ತರಗೆಲೆ ಸೇರಿಸಿ. ಇರುವೆ ಮುತ್ತಿದರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿ. ಡಬ್ಬಿ ತುಂಬಿದ ಮೇಲೆ ಎರಡು ಮೂರು ತಿಂಗಳು ಬಿಡಿ. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಜರಡಿ ಹಿಡಿಯಿರಿ.

ಕೆಂಪು ಮಣ್ಣು, ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಸೊಪ್ಪಿಗೆ ಆರು ಇಂಚು ಆಳ ಸಾಕು. ಒದ್ದೆ ಮಣ್ಣು ವಿಪರೀತ ಭಾರ, ಹಾಗಾಗಿ ಟ್ರೇಗಳನ್ನು ಗೋಡೆ, ತೊಲೆ ಇರುವ ಕಡೆ ಜೋಡಿಸಿ. ಮೆಂತ್ಯ ರಾತ್ರಿ ನೆನೆಸಿ ಬಿತ್ತಿ; ಕೊತ್ತಂಬರಿ ಬೀಜವನ್ನು ಎರಡು ಹೋಳು ಮಾಡಿ. ಮೂರು ನಾಲ್ಕು ವಾರಕ್ಕೆ ಮೆಂತ್ಯ ಕೀಳಬಹುದು. ದಂಟು, ಪಾಲಕ್ಕೂ ಸುಲಭ.

ನೀರಿನ ಬಗ್ಗೆ ಕಟ್ಟುನಿಟ್ಟಾಗಿರಿ. ಕಾವೇರಿ ನಮ್ಮ ನಲ್ಲಿಗೆ ಬರುವುದು ಸುಮಾರು 100 ಕಿ.ಮೀ. ದೂರದಿಂದ, ವಿದ್ಯುತ್ ಪಂಪ್‌ಗಳ ಬಲದಿಂದ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೇ ಎತ್ತಿಟ್ಟುಕೊಂಡು ಸಂಜೆ ಹಾಕಿ.

ತಾರಸಿಯಲ್ಲಿ ಧಾನ್ಯ ಬೆಳೆಯಲಾಗದು. ಅದಕ್ಕೆ ವಾರದಲ್ಲಿ ಕೆಲವು ಊಟ ರಾಗಿಮುದ್ದೆಯಾಗಲಿ: ರಾಗಿ ಮಳೆಯಾಶ್ರಯದಲ್ಲೇ ಬರುತ್ತದೆ, ನೀರು ನಿಂತ ಭತ್ತದ ಗದ್ದೆಯಂತೆ ಮೀಥೇನ್ ಬಿಡುವುದಿಲ್ಲ. ಸೊಪ್ಪು ಕಿತ್ತ ಟ್ರೇಗೆ ಎರಡು ಹಿಡಿ ಹೊಸ ಗೊಬ್ಬರ ಬೆರೆಸಿ, ಮುಂದಿನ ಸಲ ಬೇರೆ ಸೊಪ್ಪು ಬಿತ್ತಿ. ಮಿಕ್ಕ ಗೊಬ್ಬರವನ್ನು ಬೀದಿಯ ಮರದ ಬುಡಕ್ಕೆ ಹಾಕಿ.